ಅಂಬಾಸಿಡರ್ ಬ್ಲಾಕಿನ ಮುಂದೆ ಕಲಿತ ಕ್ಯಾಮ್ ಪಾಠ

ನಮ್ಮ ಪಾಲಿಟೆಕ್ನಿಕ್ಕಿನ ಆಟೋಮೊಬೈಲ್ ವಿಭಾಗದಲ್ಲಿ ಓದಿದವರಿಗೆ ವರ್ಕ್‌ಶಾಪಿನ ಅಂಬಾಸಿಡರ್ ಎಂಜಿನ್ ಮರೆತಿರಲಾರದು. 1489 ಸಿಸಿ, ನಾಲ್ಕು ಸಿಲಿಂಡರ್, ಮೂಲದಲ್ಲಿ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಈಗಿನ ಹುಡುಗರ ಕೈಗೆ ಸಿಗುವುದು ಹೆಚ್ಚಾಗಿ ಹೆಡ್ಡಿನ ಮೇಲೆ ಕೂತ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಸುವ, ಉಬ್ಬುಗಳಿರುವ ದಂಡ. ಈ ಅಂಬಾಸಿಡರ್ ಎಂಜಿನ್ನಿನಲ್ಲಿ ಅದು ಬ್ಲಾಕಿನೊಳಗೆ ಮಲಗಿರುತ್ತದೆ, ತನ್ನ ಮೇಲೆ ಕೂರುವ ಟ್ಯಾಪೆಟ್ ಮತ್ತು ಅದರ ಮೇಲಿನ ಪುಶ್‌ರಾಡ್ ಮೂಲಕ ವಾಲ್ವ್ ಎತ್ತುತ್ತದೆ.

“ಟೈಮಿಂಗ್ ಗೇರುಗಳ ಚುಕ್ಕೆಗೆ ಚುಕ್ಕೆ ಕೂಡಿಸೋದು ಐದು ನಿಮಿಷದ ಕೆಲಸ ಕಣ್ರೋ. ಕ್ಯಾಮ್ ಹಾಳಾಗೋದು ಅಲ್ಲಲ್ಲ” ಎನ್ನುತ್ತಿದ್ದರು ನಮ್ಮ ವರ್ಕ್‌ಶಾಪ್ ಮೇಷ್ಟ್ರು. ಅವರ ಪಾಠ ಶುರುವಾಗುತ್ತಿದ್ದದ್ದು ಟ್ಯಾಪೆಟ್ಟಿನಿಂದ.

ಟ್ಯಾಪೆಟ್ಟಿನ ತಳ ಕಣ್ಣಿಗೆ ಸಪಾಟಾಗಿ ಕಂಡರೂ ನಡುವೆ ತುಸು ಉಬ್ಬಿರುತ್ತದೆ. ಕ್ಯಾಮಿನ ಲೋಬ್, ಅಂದರೆ ಉಬ್ಬು, ಅದರ ನಡುವಿಗೆ ಸರಿಯಾಗಿ ತಗಲುವುದಿಲ್ಲ, ಕೊಂಚ ಪಕ್ಕಕ್ಕೆ ತಗಲುತ್ತದೆ. ಹಾಗಾಗಿಯೇ ಟ್ಯಾಪೆಟ್ ಮೇಲೆ ಕೆಳಗೆ ಆಡುತ್ತ ತನ್ನಷ್ಟಕ್ಕೆ ತಿರುಗುತ್ತದೆ, ಸವೆತ ಸುತ್ತಲೂ ಹಂಚಿಹೋಗುತ್ತದೆ. ತಿರುಗುವುದು ನಿಂತರೆ ಲೋಬಿನ ತುದಿ ಬೇಗನೆ ಉಜ್ಜಿಹೋಗುತ್ತದೆ. ಎರಡು ಟ್ಯಾಪೆಟ್‌ಗಳನ್ನು ತಳಕ್ಕೆ ತಳ ಒತ್ತಿ ಹಿಡಿದಾಗ ಸ್ವಲ್ಪ ಓಲಾಡಬೇಕು. ಅಂಟಿಕೊಂಡಂತೆ ಕೂತರೆ ತಳ ಸವೆದಿದೆ. ಕುಳಿ ಬಿದ್ದಿದ್ದರಂತೂ ಬಿಸಾಡಿ. ಹಳೆಯ ಕ್ಯಾಮನ್ನೇ ಹಾಕುವುದಾದರೆ ಪ್ರತಿ ಟ್ಯಾಪೆಟ್ ತನ್ನ ಹಳೆಯ ಜಾಗಕ್ಕೇ ಹೋಗಬೇಕು, ಬಿಚ್ಚುವಾಗಲೇ ನಂಬರ್ ಹಾಕಿಡಿ. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕುವುದು ದುಡ್ಡು ಉಳಿಸುವ ದಾರಿಯಲ್ಲ, ಎರಡು ಸಲ ಎಂಜಿನ್ ಬಿಚ್ಚುವ ದಾರಿ.

ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಹಂಚುವ ಭಾಗ) ಡ್ರೈವ್, ಆಯಿಲ್ ಪಂಪ್ ಡ್ರೈವ್ ಎರಡನ್ನೂ ತೆಗೆಯದೆ ಕ್ಯಾಮ್ ಹೊರಕ್ಕೆ ಬರುವುದಿಲ್ಲ, ಒಳಕ್ಕೂ ಹೋಗುವುದಿಲ್ಲ. ಬೇರಿಂಗಿನಲ್ಲಿ ಕೂರುವ ಮೂರು ಜರ್ನಲ್‌ಗಳಲ್ಲಿ ಮುಂದಿನದು ದಪ್ಪ, ಹಿಂದಿನದು ಸಣ್ಣ. ಜರ್ನಲ್‌ಗಳಿಗೆ ಎಂಜಿನ್ ಆಯಿಲ್ ಸಾಕು. ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಂ ಇರುವ ಅಸೆಂಬ್ಲಿ ಪೇಸ್ಟ್ ಬಳಿಯಬೇಕು. ಗೇರನ್ನು ತಾತ್ಕಾಲಿಕವಾಗಿ ಮೂತಿಗೆ ಸಿಕ್ಕಿಸಿಕೊಂಡರೆ ಹಿಡಿಯಲು ಆಸರೆ ಸಿಗುತ್ತದೆ. ಮೆಲ್ಲನೆ ತಿರುಗಿಸುತ್ತ ಒಳಗೆ ಬಿಡಿ, ಎಲ್ಲೂ ತಳ್ಳಬೇಡಿ. ಬೇರಿಂಗಿನ ಬಿಳಿಲೋಹ ಮೆದು, ಲೋಬಿನ ಅಂಚು ಒಮ್ಮೆ ತಾಗಿದರೂ ಗೀರು ಬೀಳುತ್ತದೆ. ಪೂರ್ತಿ ಕೂತ ಮೇಲೆ ಬೆರಳಿನಲ್ಲೇ ತಿರುಗಬೇಕು. ಬಿಗಿ ಬಂದರೆ ಹೊಸ ಬೇರಿಂಗಿಗೆ ಲೈನ್ ರೀಮಿಂಗ್ (ಎಲ್ಲ ಬೇರಿಂಗುಗಳನ್ನೂ ಒಂದೇ ಸಾಲಿನಲ್ಲಿ ಕೊರೆದು ಅಳತೆಗೆ ತರುವುದು) ಸರಿಯಾಗಿಲ್ಲವೆಂದೇ ಅರ್ಥ. ಲೊಕೇಟಿಂಗ್ ಪ್ಲೇಟ್ ಬಿಗಿದು, ಗೇರ್ ಕೂರಿಸಿ ಎಂಡ್ ಫ್ಲೋಟ್ (ಕ್ಯಾಮಿನ ಹಿಂದುಮುಂದಿನ ಆಟ) ನೋಡಿ: 3ರಿಂದ 7 ಥೌ (ಇಂಚಿನ ಸಾವಿರದ ಒಂದು ಭಾಗವೇ ಥೌ), ಅಂದರೆ 0.076ರಿಂದ 0.178 ಮಿಮೀ. ಹೆಚ್ಚಿದ್ದರೆ ಪ್ಲೇಟ್ ಬದಲಿಸಿ.

ಇನ್ನು ಟೈಮಿಂಗ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿಗೂ ಕ್ಯಾಮಿಗೂ ತಾಳ ಹೊಂದಿಸುವುದು. ಕ್ರ್ಯಾಂಕಿನಲ್ಲಿ ಗೇರಿನ ಕೀ ಕೂರುವ ತೋಡು ಮೇಲ್ಮುಖವಾಗಿರಲಿ, ಕ್ಯಾಮಿನದು ಮುಂದಿನಿಂದ ನೋಡಿದಾಗ ಗಡಿಯಾರದ ಒಂದು ಗಂಟೆಯ ಜಾಗದಲ್ಲಿರಲಿ. ಎರಡೂ ಗೇರುಗಳಿಗೆ ಚೈನ್ ಹಾಕಿ, ಚುಕ್ಕೆಗಳು ಎದುರುಬದುರಾಗುವಂತೆ ಹಿಡಿದು, ಒಟ್ಟಿಗೇ ಶಾಫ್ಟುಗಳ ಮೇಲೆ ತಳ್ಳಬೇಕು. ಕೀ ಹೊಂದದಿದ್ದರೆ ಕ್ಯಾಮನ್ನು ಕೊಂಚ ಸರಿಸಿ, ಕ್ರ್ಯಾಂಕ್ ಮುಟ್ಟಬೇಡಿ. ಗೇರಿನಲ್ಲಿ ಒಂದು ಹಲ್ಲು ತಪ್ಪಿದರೆ ಕ್ಯಾಮಿನಲ್ಲಿ ಎಷ್ಟು ಡಿಗ್ರಿಯೋ, ಕ್ರ್ಯಾಂಕ್ ಲೆಕ್ಕದಲ್ಲಿ ಅದರ ಎರಡರಷ್ಟು ವ್ಯತ್ಯಾಸ. ಸ್ಟಾರ್ಟ್ ಆದರೂ ಗಾಡಿ ಎಳೆಯುವುದಿಲ್ಲ. ಎರಡು ಗೇರುಗಳ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಲ್ಲಿ ನೋಡಿ, ಅಂತರವಿದ್ದರೆ ಕ್ರ್ಯಾಂಕ್ ಗೇರಿನ ಹಿಂದಿನ ಪ್ಯಾಕಿಂಗ್ ವಾಷರ್ ಸೇರಿಸಿಯೋ ತೆಗೆದೋ ಸರಿಪಡಿಸಿ. ಎಣ್ಣೆ ಎಸೆಯುವ ಬಿಲ್ಲೆಯಾದ ಆಯಿಲ್ ಥ್ರೋವರ್ ಮೇಲೆ ‘ಎಫ್’ ಅಕ್ಷರವಿರುವ ಮುಖ ಹೊರಗಡೆಗೆ.

ಡಿಸ್ಟ್ರಿಬ್ಯೂಟರ್ ಡ್ರೈವ್ ಕೂರಿಸುವಾಗ ತುಂಬಾ ಜನ ಎಡವುತ್ತಾರೆ. ಚುಕ್ಕೆ ಕೂಡಿದೆಯೆಂದ ಮಾತ್ರಕ್ಕೆ 1ನೇ ಸಿಲಿಂಡರ್ ಫೈರಿಂಗಿನಲ್ಲಿದೆ ಎಂದು ನಂಬಬೇಡಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. 4ನೇ ಸಿಲಿಂಡರಿನ ಎಗ್ಜಾಸ್ಟ್ ಮುಚ್ಚುತ್ತ ಇನ್‌ಲೆಟ್ ತೆರೆಯುವ ಹೊತ್ತಿನಲ್ಲಿ ಕ್ರ್ಯಾಂಕ್ ಟಿಡಿಸಿಯಲ್ಲಿದ್ದರೆ (ಪಿಸ್ಟನ್ ತೀರಾ ಮೇಲಿರುವ ಸ್ಥಿತಿ), 1ನೆಯದು ಕಂಪ್ರೆಷನ್ನಿನ ತುದಿಯಲ್ಲಿರುತ್ತದೆ. ಆಗ ಡ್ರೈವ್ ಇಳಿಸಿ. ಹಲ್ಲು ಕಚ್ಚಿಕೊಳ್ಳುವಾಗ ಅದರ ಸ್ಲಾಟ್ ಅಪ್ರದಕ್ಷಿಣವಾಗಿ ತಿರುಗುತ್ತದೆ. ದೊಡ್ಡ ಭಾಗ ಮೇಲಿರುವಂತೆ, ಅಡ್ಡಗೆರೆಗಿಂತ ಸ್ವಲ್ಪ ಕೆಳಗೆ ಹಿಡಿದು ಬಿಟ್ಟರೆ ಒಂದು ಗಂಟೆಯ ಜಾಗಕ್ಕೆ ಬಂದು ನಿಲ್ಲುತ್ತದೆ.

ಟ್ಯಾಪೆಟ್ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, 15 ಥೌ. ಅದಕ್ಕೆ ಒಂಬತ್ತರ ಲೆಕ್ಕ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು, ಹೀಗೆ ಎರಡೂ ಕೂಡಿ 9 ಆಗಬೇಕು. ಪರೀಕ್ಷೆಯಲ್ಲಿ ಇದನ್ನು ಬರೆದವರು ಅದೆಷ್ಟೋ!

ಮೇಷ್ಟ್ರು ಅತಿ ಹೆಚ್ಚು ಗದರುತ್ತಿದ್ದದ್ದು ಮೊದಲ ಸ್ಟಾರ್ಟಿಗೆ, ನ್ಯಾಯವಾಗಿಯೇ. ಪಂಪು ಕ್ಯಾಮಿನಿಂದಲೇ ತಿರುಗುವುದರಿಂದ ಕೂಡಿಸುವಾಗಲೇ ಅದರೊಳಗೆ ಎಣ್ಣೆ ತುಂಬಿರಬೇಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್, ರೇಡಿಯೇಟರಿನಲ್ಲಿ ನೀರು, ಇಗ್ನಿಷನ್ ಟೈಮಿಂಗ್ ಸುಮಾರಾಗಿ ಸರಿ. ಇಷ್ಟೂ ಆದ ಮೇಲೇ ಕೀ ತಿರುಗಿಸಿ. ಮತ್ತೆ ಮತ್ತೆ ಸೆಲ್ಫ್ ಹೊಡೆದರೆ ಲೋಬಿನ ಪೇಸ್ಟ್ ಒರೆಸಿಹೋಗುತ್ತದೆ. ಹತ್ತಿಕೊಂಡ ಕೂಡಲೇ 2000 ಆರ್‌ಪಿಎಂಗೆ ಏರಿಸಿ, 20 ನಿಮಿಷ ಅಲ್ಲೇ ಆಸುಪಾಸಿನಲ್ಲಿ ಏರಿಳಿಸುತ್ತಿರಿ. ಐಡ್ಲಿಂಗಿಗೆ ಬಿಡಬೇಡಿ: ಲೋಬ್‌ಗಳಿಗೆ ಎಣ್ಣೆ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಚಿಮ್ಮಿಸಿದಾಗ, ನಿಧಾನಕ್ಕೆ ತಿರುಗಿದರೆ ಅದು ಸಾಲದು. ಎಣ್ಣೆ ಹಳೆಯ ಮಾದರಿಯ ಎಂಜಿನ್‌ಗಳಿಗೆಂದೇ ಮಾಡಿದ, ಜಿಂಕ್ ಅಂಶ ಹೆಚ್ಚಿರುವುದೇ ಆಗಿರಲಿ. ಹೊಸ ಗಾಡಿಗಳ ಎಣ್ಣೆಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲೆಂದು ಅದನ್ನು ಕಡಿಮೆ ಮಾಡಿರುತ್ತಾರೆ. ಆ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ, ಎಂಜಿನ್ ಆರಿದ ಮೇಲೆ ಕ್ಲಿಯರೆನ್ಸ್ ಮತ್ತೊಮ್ಮೆ ಅಳೆಯಿರಿ. ಏಳು ವಾಲ್ವ್ ಇದ್ದಲ್ಲೇ ಇದ್ದು ಒಂದರಲ್ಲಿ ಮಾತ್ರ ಸಂದು ದೊಡ್ಡದಾಗಿದ್ದರೆ, ರಾಕರ್ ಸ್ಕ್ರೂ ಬಿಗಿದು ಸುಮ್ಮನಾಗದೆ ಪಕ್ಕದ ಕವರ್ ಬಿಚ್ಚಿ ಆ ಟ್ಯಾಪೆಟ್ಟಿನ ತಳ ನೋಡಿ.