ಗುಳೆಯ ಕಾದಂಬರಿ ಬರೆಯೋರಿಗೆ ಒಂದಿಷ್ಟು

ಗದಗ ಕಡೆಯ ಗುಳೆ ಬಗ್ಗೆ ಕಾದಂಬರಿ ಬರೀಬೇಕು ಅಂತಿದ್ದರೆ ಪಾತ್ರಗಳಿಗಿಂತ ಮೊದಲು ರೈಲು ಆರಿಸಿಕೊಳ್ಳಿ. ಅಮರಾವತಿ ಎಕ್ಸ್‌ಪ್ರೆಸ್ ಸಾಕು. ಹಂಪಿ ನೋಡಿದವರು ಹೊಸಪೇಟೆಯಲ್ಲಿ ಹತ್ತುತ್ತಾರೆ, ಗೌಂಡಿ ಕೆಲಸಕ್ಕೆ ಹೊಂಟವರು ಕೊಪ್ಪಳ, ಗದಗದಲ್ಲಿ. ಹುಬ್ಬಳ್ಳಿ, ಲೋಂಡಾ ದಾಟಿ ಎಲ್ಲರೂ ಮುಟ್ಟುವುದು ಗೋವಾವನ್ನೇ. ಪ್ರವಾಸಿಯನ್ನೂ ಕೂಲಿಯವನನ್ನೂ ಒಂದೇ ಪುಸ್ತಕಕ್ಕೆ ತರಲು ಬೇರೆ ಯಾವ ಹಿಕಮತ್ತೂ ಬೇಡ.

ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ತಿಂಗಳ ಲೆಕ್ಕದಲ್ಲಿ. 'ಬರ ಬಿತ್ತು, ಊರು ಬಿಟ್ಟರು' ಅಂತ ಮುಗಿಸಿಬಿಡುತ್ತಾರೆ. ಗದಗ ಜಿಲ್ಲೆಯ ರೋಣ, ಮುಂಡರಗಿಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಮುಂಗಾರಿಗೆ ಹೆಸರುಕಾಳು. ಅದು ಬಂದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕಡಲೆ, ಬಿಳಿಜೋಳ, ಕುಸುಬಿ ಬಿತ್ತನೆ. ರಾಶಿ, ಅಂದರೆ ಕೊಯ್ದು ಕಾಳು ಮಾಡುವ ಕೆಲಸ, ಜನವರಿಯಿಂದ ಮಾರ್ಚ್‌ವರೆಗೆ. ಹಿಂಗಾರಿ ಕೈಕೊಟ್ಟರೆ ದೀಪಾವಳಿ ಮುಗಿಯುತ್ತಲೇ ಹೊರಡುತ್ತಾರೆ, ಬೆಳೆ ಬಂದರೆ ರಾಶಿ ಮುಗಿಸಿ. ಗೋವಾದ ಪ್ರವಾಸಿ ಸೀಜನ್ನು ಅಕ್ಟೋಬರಿನಿಂದ ಮಾರ್ಚ್. ಹಾಗಾಗಿ ಬೆಳೆ ಹೋದ ವರ್ಷ ಪ್ರವಾಸಿ, ಕೂಲಿಯವ ಇಬ್ಬರೂ ಒಂದೇ ರೈಲಿನಲ್ಲಿ. ಬೆಳೆ ಬಂದ ವರ್ಷ ಪ್ರವಾಸಿಗಳು ಮರಳುವಾಗ ಕೂಲಿಯವರು ಹೊರಡುತ್ತಾರೆ. ಇಬ್ಬರನ್ನೂ ಎದುರಾಬದುರಾ ಕೂರಿಸುವ ಮೊದಲು ಆ ವರ್ಷದ ಮಳೆ ತೀರ್ಮಾನಿಸಿಕೊಳ್ಳಿ. ಜೂನಿನಲ್ಲಿ ಅಲ್ಲಿ ಕೆಲಸ ನಿಂತು ಇಲ್ಲಿ ಬಿತ್ತನೆ ಶುರುವಾದಾಗ ಮತ್ತೆ ಊರು.

ಕತೆಯ ನಿಜವಾದ ಬಿಗಿ ಇರುವುದು ಮುಂಗಡದಲ್ಲಿ. ಮೇಸ್ತ್ರಿ ಊರಿಗೇ ಬಂದು ದುಡ್ಡು ಕೊಡುತ್ತಾನೆ. ಹೊರಡುವ ಮೊದಲೇ ಅದು ಬೀಜ-ಗೊಬ್ಬರದ ಸಾಲಕ್ಕೋ ಮದುವೆಗೋ ಹೋಗಿರುತ್ತದೆ. ಪಗಾರದಲ್ಲಿ ವಾರವಾರ ಮುರಿದುಕೊಳ್ಳುತ್ತಾರೆ. ಅದು ತೀರುವತನಕ ಎಷ್ಟೇ ಸಿಟ್ಟು ಬಂದರೂ ನಿಮ್ಮ ನಾಯಕ ಥಾಪಿ ಬಿಸಾಕಿ ಬರುವ ಹಾಗಿಲ್ಲ. ಈ ಲೆಕ್ಕ ಬರೆಯದ ಕಾದಂಬರಿಯಲ್ಲಿ ಅವನು ಬೇಕಾದಾಗ ಊರಿಗೆ ಬಂದು ತಾಯಿಯ ತೊಡೆ ಮೇಲೆ ಅಳುತ್ತಾನೆ. ಓದುಗರು ನಂಬುವುದಿಲ್ಲ.

ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇರಲಿ. ನೀರಿನಂಶ ಹೋಗಿರುವುದರಿಂದ ರೊಟ್ಟಿ ವಾರಗಟ್ಟಲೆ ಇರುತ್ತದೆ, ಆದರೆ ಕರಾವಳಿಯ ತೇವಕ್ಕೆ ಮೆತ್ತಗಾಗುತ್ತದೆ. ಒಂದು ಸಾಲು ಸಾಕು, ಅಡುಗೆ ಪುಸ್ತಕ ಮಾಡಬೇಡಿ.

ಕರ್ನಾಟಕದಿಂದ ಗೋವಾಕ್ಕೆ ರೈಲು ಇಳಿಯುವ ಘಾಟಿನ ದಿಕ್ಕು ತಪ್ಪಬಾರದು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ಹೋಗುವಾಗ ಇಳಿಜಾರು, ಬರುವಾಗ ಏರು; 37 ಅಡಿಗೆ ಒಂದಡಿ. ಏರುವಾಗ ಹಿಂದಿನಿಂದ ತಳ್ಳಲು ಹೆಚ್ಚಿನ ಎಂಜಿನ್ ಬೇಕು. ಆ ಸದ್ದು ಊರಿಗೆ ಮರಳುವ ಅಧ್ಯಾಯದ್ದು, ಹೋಗುವ ಅಧ್ಯಾಯದಲ್ಲಿ ಹಾಕಬೇಡಿ. ದೂಧಸಾಗರಕ್ಕೆ ಅರ್ಧ ಪುಟ ಮೀರದಿರಲಿ. ಜನರಲ್ ಬೋಗಿಯ ಬಾಗಿಲ ಹತ್ತಿರ ಗಂಟಿನ ಮೇಲೆ ಕೂತವಳಿಗೆ ಜಲಪಾತ ಎಷ್ಟು ಕಂಡೀತು?

ಇನ್ನು ವಿಳಾಸ. ಗೋವಾದ ವಾಸ್ಕೊ ಊರಿನ ಬೈನಾ ಕಡಲ ದಂಡೆಯಲ್ಲಿ ಕನ್ನಡಿಗರ ಮನೆಗಳನ್ನು 2004ರಲ್ಲೂ ಆಮೇಲೂ ಕೆಡವಿದರು. ಕತೆ ಆ ವರ್ಷ ದಾಟುವುದಾದರೆ ಕುಟುಂಬವನ್ನು ಝುವಾರಿನಗರಕ್ಕೋ ಬೇರೆಲ್ಲಿಗೋ ಸಾಗಿಸಿ. ಮಕ್ಕಳ ಶಾಲೆ, ನೀರು ತರುವ ದಾರಿ, ಕೆಲಸಕ್ಕೆ ಹಿಡಿಯುವ ಬಸ್ಸು ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ.