ಬೆಳಗಾವಿಯಲ್ಲಿ ಟಾಪ್ ತೆಗೆದು ಓಡಿಸೋಕೆ ಆಗುತ್ತಾ?

ಟಾಪ್, ಅಂದರೆ ಮೇಲಿನ ಚಾವಣಿ, ಮಡಚಿ ತೆಗೆಯಬಹುದಾದ ಈ ಕಾರು ಮನೆಗೆ ಬಂದಾಗಿನಿಂದ ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಪೆಟ್ರೋಲ್ ಬಂಕಿನ ಹುಡುಗ ಕೇಳುತ್ತಾನೆ. ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಶೆಡ್ಡಿನ ಪಕ್ಕದವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಊಟಕ್ಕೆ ಕೂತ ಕಾಕಾ ಕೂಡ ಹೋಳಿಗೆ ಮುರಿಯುತ್ತಾ ಅದನ್ನೇ ಕೇಳಿದರು. "ಅಲ್ಲೋ ತಮ್ಮಾ, ಈ ಧೂಳಾಗ, ಈ ಬಿಸಲಾಗ, ಟಾಪ್ ತಗದು ಯಾವಾಗ ಓಡಸ್ತಿ?"

ನನ್ನ ಉತ್ತರ ಇಷ್ಟು: ಓಡಿಸಬಹುದು. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಓಡಿಸಬಹುದು. ಹೊತ್ತು ನೋಡಿ ಹೊರಡಬೇಕು, ಅಷ್ಟೇ.

ಮೊದಲು ಕಾರು ಯಾವುದು ಅಂತ ಹೇಳಿಬಿಡುತ್ತೇನೆ. ಬಿಎಂಡಬ್ಲ್ಯು ಝಡ್4 ಎಂ40ಐ. ಎರಡೇ ಸೀಟು, ಬಟ್ಟೆಯ ಟಾಪ್. ಮೂರು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 340 ಎಚ್‌ಪಿ. ಆಸ್ಟ್ರಿಯಾ ದೇಶದ ಗ್ರಾಜ್ ಊರಿನ ಕಾರ್ಖಾನೆಯಲ್ಲಿ ತಯಾರಾಗಿ ಪೂರ್ತಿ ಕಾರಾಗಿಯೇ ನಮ್ಮ ದೇಶಕ್ಕೆ ಬಂದದ್ದು. ಟೊಯೋಟಾದ ಸುಪ್ರಾ ಕೂಡ ಅಲ್ಲಿಯದೇ. 2023ರಲ್ಲಿ ಈ ಮಾಡೆಲ್ ಇಲ್ಲಿ ಬಿಡುಗಡೆಯಾದಾಗ ಶೋರೂಮ್ ಬೆಲೆ 89.30 ಲಕ್ಷ ಇತ್ತು. ಅದರ ಮೇಲೆ ರಸ್ತೆ ತೆರಿಗೆ, ವಿಮೆ ಸೇರಿದರೆ ಕೋಟಿ ದಾಟುತ್ತಿತ್ತು. ಇಷ್ಟು ದುಡ್ಡಿಗೆ ಎರಡು ಸೈಟ್ ಬರುತ್ತಿತ್ತಲ್ಲ ಅನ್ನುವವರಿದ್ದಾರೆ. ಬರುತ್ತಿತ್ತು. ಆದರೆ ಕಾಲೇಜಿನ ದಿನಗಳಿಂದ ನನಗೆ ಬೇಕಾಗಿದ್ದು ಇದು. ಪಂಪು, ವಾಲ್ವುಗಳ ಎರಕದ ಬಾಡಿ ಮಷಿನಿಂಗ್ ಮಾಡುವ ಶಾಪ್ ನಮ್ಮದು. ಸಾಲ ತೀರಿತ್ತು, ಮಕ್ಕಳ ಓದಿಗೆ ಎತ್ತಿಟ್ಟಾಗಿತ್ತು. ತಗೊಂಡೆ.

ಈಗ ಬಿಸಿಲಿನ ವಿಷಯ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಹ್ಯಾದ್ರಿಯ ಕಾಡು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕಾದರೂ, ಹೊತ್ತು ಮುಳುಗಿ ಆ ಕಡೆಯ ಗಾಳಿ ಬೀಸತೊಡಗಿದರೆ ಊರೇ ಬೇರೆಯಾಗುತ್ತದೆ. ಬೆಳಗಾವಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಟಾಪ್ ತೆಗೆದು ಓಡಿಸುವುದು ಶಿಕ್ಷೆ. ನಾನು ಓಡಿಸುವುದಿಲ್ಲ. ಬೆಳಿಗ್ಗೆ ಎಂಟರೊಳಗೆ, ಸಂಜೆ ಆರರ ಮೇಲೆ, ರಾತ್ರಿ ಊಟ ಆದ ಮೇಲೆ ಓಡಿಸುತ್ತೇನೆ. ಮಳೆಗಾಲ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಈ ಹೊತ್ತು ದಿನಾ ಸಿಗುತ್ತದೆ.

ಚಳಿಗಾಲದ ಬೆಳಗಿನ ಜಾವ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಡಿಸೆಂಬರ್‌ನಲ್ಲಿ ಗಾಜು ಏರಿಸಿ, ಕಾಲ ಕಡೆಗೆ ಹೀಟರ್ ಬಿಟ್ಟು, ತಲೆಗೆ ಮಫ್ಲರ್ ಸುತ್ತಿ ಹೊರಡಬೇಕು. ಕಾಲು ಬೆಚ್ಚಗಿರುತ್ತದೆ, ಮೂಗಿನ ತುದಿ ತಣ್ಣಗಿರುತ್ತದೆ. ಗಾಳಿ ಮುಂದಿನಿಂದ ಬಂದು ಮುಖಕ್ಕೆ ಬಡಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ನಿಜವಾಗಿ ಅದು ಮುಂದಿನ ಗಾಜಿನ ಮೇಲಿಂದ ಹಾರಿ, ಹಿಂದೆ ಸುಳಿ ಸುತ್ತಿ, ಸೀಟಿನ ಹಿಂದಿನಿಂದ ಕುತ್ತಿಗೆಗೆ ತಾಗುತ್ತದೆ. ಅದನ್ನು ತಡೆಯಲು ಸೀಟುಗಳ ಹಿಂದೆ ಒಂದು ಬಲೆಯಂಥ ಪರದೆ ಇದೆ. ಅದು ಇದ್ದರೆ ಅರವತ್ತರ ವೇಗದಲ್ಲಿ ದನಿ ಏರಿಸದೆ ಮಾತಾಡಬಹುದು.

ಧೂಳಿನ ಬಗ್ಗೆ ಮಾತ್ರ ನೀವು ಹೇಳುವುದು ಸರಿ. ಧೂಳು ಇದೆ. ಮಣ್ಣು ತುಂಬಿದ ಟಿಪ್ಪರ್ ಹಿಂದೆ ಸಿಕ್ಕರೆ ಬಾಯಲ್ಲಿ ಮಣ್ಣಿನ ರುಚಿ ಬರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಹೋದರೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾರಿ ಬಂದು ಸೀಟಿನ ಸಂದಿಯಲ್ಲಿ ಕೂರುತ್ತದೆ. ಮನೆಗೆ ಬಂದು ಒಂದೊಂದೇ ಎಲೆ ಆರಿಸಿ ತೆಗೆಯುತ್ತೇನೆ. ಆದರೆ ಅದೇ ರಸ್ತೆಯಲ್ಲಿ ಗಾಣದ ಮುಂದೆ ಹಾದು ಹೋಗುವಾಗ ಕುದಿಯುವ ಬೆಲ್ಲದ ವಾಸನೆ ಕಾರಿನ ತುಂಬ ತುಂಬಿಕೊಳ್ಳುತ್ತದಲ್ಲ, ಅದಕ್ಕೆ ಈ ರವದಿ ಆರಿಸುವ ಕೆಲಸ ದೊಡ್ಡದಲ್ಲ.

ಟಿಪ್ಪರ್ ಕಂಡರೆ ಟಾಪ್ ಮುಚ್ಚಿಬಿಡಬಹುದು. ನಿಲ್ಲಿಸಬೇಕಾಗಿಲ್ಲ. ವೇಗ 50 ಕಿ.ಮೀ. ಒಳಗಿದ್ದರೆ ಸಾಕು, ಒಂದು ಸ್ವಿಚ್ ಒತ್ತಿ ಹಿಡಿಯಬೇಕು, ಹತ್ತು ಸೆಕೆಂಡಿನ ಕೆಲಸ. ಮಷಿನ್ ಶಾಪಿನವನಾದ ನನಗೆ ಇದನ್ನು ನೋಡಿ ಸಾಕಾಗುವುದಿಲ್ಲ. ಮೊದಲು ಬಾಗಿಲ ಗಾಜುಗಳು ಕೆಳಗಿಳಿಯುತ್ತವೆ. ಹಿಂದೆ ಮಡಚಿ ಮಲಗಿದ್ದ ಟಾಪ್ ಎದ್ದು, ಒಳಗಿನ ಕಡ್ಡಿಗಳು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ. ಬಟ್ಟೆ ಬಿಗಿಯಾಗುತ್ತದೆ. ಮುಂದಿನ ಅಂಚು ಗಾಜಿನ ಚೌಕಟ್ಟಿಗೆ ಬಂದು ಕೂತು ಲಾಕ್ ಆಗುವಾಗ ಟಕ್ ಅಂತ ಒಂದು ಸಣ್ಣ ಸದ್ದು. ಇಷ್ಟು ಕೀಲುಗಳು ಇಷ್ಟು ಸಲ ಮಡಚಿ ಬಿಚ್ಚಿದರೂ ಆ ಅಂಚು ದಿನಾ ಅದೇ ಜಾಗಕ್ಕೆ ಬಂದು ಕೂರಬೇಕು. ಬೋರಿಂಗ್ ಮಾಡಿದ ತೂತು ಕೂದಲೆಳೆಯಷ್ಟು ಆಚೀಚೆ ಆದರೆ ಏನಾಗುತ್ತದೆ ಅಂತ ಗೊತ್ತಿದ್ದವರಿಗೆ ಆ ಟಕ್ ಸದ್ದಿನ ಬೆಲೆ ಗೊತ್ತಾಗುತ್ತದೆ.

ಹಿಂದಿನ ತಲೆಮಾರಿನ ಝಡ್4ಗೆ ಮಡಚುವ ಲೋಹದ ಟಾಪ್ ಇತ್ತು. ಅದು ತೂಕದ್ದು. ಮಡಚಿದರೆ ಡಿಕ್ಕಿಯ ದೊಡ್ಡ ಪಾಲು ನುಂಗುತ್ತಿತ್ತು. ಈಗಿನದಕ್ಕೆ ಮತ್ತೆ ಬಟ್ಟೆ ತಂದಿದ್ದಾರೆ. ಒಳ್ಳೆಯದೇ ಮಾಡಿದರು. ಟಾಪ್ ತೆಗೆದರೂ ಮುಚ್ಚಿದರೂ ಡಿಕ್ಕಿ 281 ಲೀಟರ್ ಹಾಗೇ ಉಳಿಯುತ್ತದೆ. ಇಬ್ಬರ ಬಟ್ಟೆ, ಒಂದು ಡಬ್ಬಿ ಕುಂದಾ, ಕರದಂಟಿನ ಪೊಟ್ಟಣ ಎಲ್ಲ ಹಿಡಿಯುತ್ತದೆ.

ಟಾಪ್ ಕತ್ತರಿಸಿದ ಕಾರು ಗಟ್ಟಿ ಇರುತ್ತಾ ಅಂತ ನಮ್ಮ ಫಿಟ್ಟರ್ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. ಬೆಂಕಿಪೊಟ್ಟಣದ ಒಳಗಿನ ಗೂಡನ್ನು ಹೊರಗೆ ಎಳೆದು ತಿರುಚಿ ನೋಡಿ, ಸುಲಭವಾಗಿ ತಿರುಚುತ್ತದೆ. ಪೊಟ್ಟಣದೊಳಗೆ ತಳ್ಳಿ ತಿರುಚಿ, ಆಗುವುದಿಲ್ಲ. ಕಾರಿನ ಟಾಪ್ ಮಾಡುವುದು ಆ ಹೊರಗಿನ ಪೊಟ್ಟಣದ ಕೆಲಸ. ಅದು ಇಲ್ಲ ಅಂದಾಗ ಆ ಗಟ್ಟಿತನವನ್ನು ತಳದಲ್ಲೇ ತುಂಬಬೇಕು. ಬಾಗಿಲ ಕೆಳಗಿನ ಪಟ್ಟಿ ದಪ್ಪ ಆಗುತ್ತದೆ, ತಳಕ್ಕೆ ಅಡ್ಡಪಟ್ಟಿಗಳು ಬರುತ್ತವೆ, ಮುಂದಿನ ಗಾಜಿನ ಚೌಕಟ್ಟು ಗಟ್ಟಿಯಾಗುತ್ತದೆ. ಕಾರು ಮಗುಚಿದರೆ ತಲೆ ಉಳಿಯಲಿ ಅಂತ ಸೀಟುಗಳ ಹಿಂದೆ ಕಮಾನುಗಳಿವೆ. ಹಾಳಾದ ರಸ್ತೆಯಲ್ಲಿ ಹೋಗುವಾಗ ಹಳೇ ಕಾಲದ ಓಪನ್ ಕಾರುಗಳಲ್ಲಿ ಮುಂದಿನ ಗಾಜು, ಕನ್ನಡಿ ಎಲ್ಲ ನಡುಗುತ್ತಿದ್ದವು. ಇದರಲ್ಲಿ ಆ ನಡುಕ ಇಲ್ಲ.

ಎಂಜಿನ್ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಆರು ಸಿಲಿಂಡರ್ ಒಂದೇ ಸಾಲಿನಲ್ಲಿ. ಮೊದಲನೆಯದು ಆರನೆಯದರ ಜೊತೆ, ಎರಡನೆಯದು ಐದನೆಯದರ ಜೊತೆ, ಮೂರನೆಯದು ನಾಲ್ಕನೆಯದರ ಜೊತೆ ಏರಿಳಿಯುತ್ತವೆ. ಒಂದು ಜೋಡಿ ಎಬ್ಬಿಸುವ ಅದುರನ್ನು ಉಳಿದ ಜೋಡಿಗಳು ಅಳಿಸಿಹಾಕುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್‌ಗಳಿಗೆ ಅದುರು ತಗ್ಗಿಸಲು ಎಷ್ಟೋ ಸಲ ಬೇರೆ ಬ್ಯಾಲೆನ್ಸ್ ಶಾಫ್ಟ್ ಹಾಕುತ್ತಾರೆ, ಇದಕ್ಕೆ ಬೇಕಾಗಿಲ್ಲ. ಬ್ಲಾಕ್ ಅಲ್ಯೂಮಿನಿಯಂ ಎರಕದ್ದು. ಅದರಲ್ಲೂ ಸಿಲಿಂಡರ್‌ಗಳ ಸುತ್ತ ಮೇಲ್ಭಾಗ ಮುಚ್ಚಿದ ಬಗೆಯದು, ಹೆಚ್ಚು ಒತ್ತಡ ತಡೆಯುತ್ತದೆ. ಅಂಥ ಬ್ಲಾಕ್ ಎರಕ ಹೊಯ್ಯುವುದು ಎಷ್ಟು ಕಷ್ಟ ಅಂತ ನಮ್ಮ ಊರಿನ ಫೌಂಡ್ರಿಯವರನ್ನು ಕೇಳಿ. ಮುಚ್ಚಿದ ಕಾರಿನಲ್ಲಿ ಈ ಎಂಜಿನ್ ದೂರದ ಗುನುಗು. ಟಾಪ್ ತೆಗೆದಾಗ, ಅದೂ ಎರಡೂ ಕಡೆ ಗೋಡೆ ಇರುವ ರಸ್ತೆಯಲ್ಲಿ, ಅದರ ಪೂರ್ತಿ ದನಿ ಕೇಳುತ್ತದೆ.

ನೂರರ ವೇಗಕ್ಕೆ ಇದು 4.5 ಸೆಕೆಂಡಿನಲ್ಲಿ ಹೋಗುತ್ತದೆ. ಇದನ್ನು ಕೇಳಿ ಹುಡುಗರ ಕಣ್ಣು ಅರಳುತ್ತವೆ. ನನ್ನ ಅಭಿಪ್ರಾಯ ಬೇರೆ. ವೇಗಕ್ಕಾಗಿಯೇ ಕಾರು ಬೇಕು ಅನ್ನುವವರು ಟಾಪ್ ಇರುವ ಕಾರನ್ನೇ ತಗೊಳ್ಳಲಿ. ಓಪನ್ ಕಾರಿನಲ್ಲಿ ನೂರು ದಾಟಿದರೆ ಕಿವಿಗೆ ಗಾಳಿಯ ಮೊರೆತ ಬಿಟ್ಟು ಏನೂ ಕೇಳುವುದಿಲ್ಲ. ನಲವತ್ತರಿಂದ ಅರವತ್ತರ ನಡುವೆ ಇದರ ಸೊಗಸು. ಇಷ್ಟು ಶಕ್ತಿಯ ಕಾರು ಕೈಗೆ ಬಂದ ಮೇಲೆ ನಾನು ನಿಧಾನ ಓಡಿಸತೊಡಗಿದ್ದೇನೆ. ಮನೆಯವಳು ಇದನ್ನು ನನಗಿಂತ ಮೊದಲು ಗಮನಿಸಿದಳು.

ಅಕ್ಟೋಬರ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ, ಜಾಂಬೋಟಿ ದಾಟಿ ಕಣಕುಂಬಿ ಕಡೆಗೆ ಹೋಗಿ ನೋಡಬೇಕು. ಚೋರ್ಲಾ ಘಾಟಿನ ದಾರಿ ಅದು, ಗೋವಾಕ್ಕೆ ಇಳಿಯುತ್ತದೆ. ರಸ್ತೆ ಯಾವ ಸ್ಥಿತಿಯಲ್ಲಿದೆ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಬೇಕು, ಅದು ಬೇರೆ ಮಾತು. ನಾನು ವರ್ಷಗಟ್ಟಲೆ ಆ ದಾರಿಯಲ್ಲಿ ಹೋಗಿದ್ದೇನೆ, ಎಸಿ ಹಾಕಿಕೊಂಡು. ಕಾಡು ಶುರುವಾಗುವ ಜಾಗದಲ್ಲಿ ಗಾಳಿ ಒಮ್ಮೆಲೇ ತಣ್ಣಗಾಗುತ್ತದೆ ಅಂತ ಗೊತ್ತೇ ಇರಲಿಲ್ಲ. ತಿರುವು ಬರುವ ಮೊದಲೇ ಹಳ್ಳದ ನೀರಿನ ಸದ್ದು ಕೇಳುತ್ತದೆ. ಬಿಸಿಲು ಬಿದ್ದ ತುಂಡಿನಲ್ಲಿ ಒಣಹುಲ್ಲಿನ ವಾಸನೆ, ನೆರಳಿಗೆ ಬಂದರೆ ಕೊಳೆತ ಎಲೆಯ ವಾಸನೆ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಪಟ್ಟದಕಲ್ಲು, ಐಹೊಳೆ ಹಾದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ ಅಲ್ಲಿ ಇನ್ನೂ ಸಣ್ಣದು. ಅಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದೆ. ಇಳಿಯಬೇಕು ಅನ್ನಿಸಲಿಲ್ಲ. ಕೂತಲ್ಲೇ ಎಲ್ಲ ಇತ್ತು.

ನಾನು ಎಣಿಸದೇ ಇದ್ದದ್ದು ಇನ್ನೊಂದಿದೆ, ಜನ. ಗಾಜು ಏರಿಸಿದ ದುಬಾರಿ ಕಾರನ್ನು ಜನ ದೂರದಿಂದ ನೋಡುತ್ತಾರೆ. ಟಾಪ್ ಇಲ್ಲದ ಕಾರಿನ ಹತ್ತಿರ ಬಂದು ಮಾತಾಡಿಸುತ್ತಾರೆ. ಚೆನ್ನಮ್ಮ ಸರ್ಕಲ್ ಸಿಗ್ನಲ್‌ನಲ್ಲಿ ಪಕ್ಕಕ್ಕೆ ನಿಂತ ಆಟೋದವರು, "ಸಾಹೇಬ್ರ, ಮಳಿ ಬಂದ್ರ?" ಅಂದರು. ಸ್ವಿಚ್ ಒತ್ತಿ ತೋರಿಸಿದೆ. ಟಾಪ್ ಎದ್ದು ಬಂತು. ಆಟೋದಲ್ಲಿದ್ದ ಹುಡುಗಿ ಸ್ಕೂಲ್ ಬ್ಯಾಗ್ ಪಕ್ಕಕ್ಕೆ ಸರಿಸಿ ಹೊರಗೆ ಬಗ್ಗಿ, "ಅಂಕಲ್, ಇನ್ನೊಮ್ಮೆ" ಅಂದಳು. ಸಿಗ್ನಲ್ ಹಸಿರಾಗುವ ಮೊದಲು ಇನ್ನೊಮ್ಮೆ ತೆಗೆದೆ. ಈ ಊರಿನಲ್ಲಿ ಹುಟ್ಟಿ ಬೆಳೆದರೂ ಸಿಗ್ನಲ್‌ನಲ್ಲಿ ನಾನು ಯಾರ ಜೊತೆಗೂ ಮಾತಾಡಿದ್ದಿಲ್ಲ. ಈಗ ಕನ್ನಡ, ಮರಾಠಿ ಎರಡರಲ್ಲೂ ಮಾತು ನಡೆಯುತ್ತದೆ. ಇದು ನನಗೆ ತುಂಬ ಇಷ್ಟವಾಗಿದೆ.

ಅವ್ವನನ್ನು ಒಂದು ರಾತ್ರಿ ನಮ್ಮೂರಿನ ಕ್ಯಾಂಪ್ (ಕಂಟೋನ್ಮೆಂಟ್) ಕಡೆ ಕರೆದುಕೊಂಡು ಹೋದೆ. ಅಲ್ಲಿನ ಹಳೇ ಮರಗಳು ರಸ್ತೆಯ ಮೇಲೆ ಕೂಡಿಕೊಂಡಿರುತ್ತವಲ್ಲ, ಅವುಗಳ ಕೆಳಗೆ ನಿಧಾನ ಹೋಗುತ್ತಿದ್ದೆ. ಸೆರಗನ್ನು ತಲೆ ಮೇಲೆ ಹೊದ್ದು, ಎರಡೂ ತುದಿ ಗದ್ದದ ಕೆಳಗೆ ಬಿಗಿ ಹಿಡಿದು, ದಾರಿಯುದ್ದಕ್ಕೂ ಮೇಲೆಯೇ ನೋಡಿದಳು. ಇಳಿಯುವಾಗ ಮಾತ್ರ, "ಏಳಾಕ ಬರೂದಿಲ್ಲಪಾ ಇದರಾಗಿಂದ" ಅಂದಳು. ನಿಜ. ಸೀಟು ಬಹಳ ತಗ್ಗು. ಮೊಣಕಾಲು ನೋವಿದ್ದವರಿಗೆ ಈ ಕಾರು ಆಗಿ ಬರುವುದಿಲ್ಲ. ಎರಡೂ ಕೈ ಹಿಡಿದು ಎಬ್ಬಿಸಬೇಕಾಯಿತು. ಮರುವಾರ ತಾನೇ ಕೇಳಿದಳು, ಇವತ್ತು ಹೋಗೂಣೇನು ಅಂತ.

ಕಷ್ಟಗಳು ಇವೆ. ನೆಲಕ್ಕೂ ಕಾರಿನ ತಳಕ್ಕೂ ನಡುವೆ ನಾಲ್ಕೂವರೆ ಇಂಚಿನ ಆಸುಪಾಸು ಜಾಗ. ಹಳ್ಳಿಗಳ ಮುಂದೆ ಬಣ್ಣ ಬಳಿಯದ ಹಂಪ್ಸ್‌ಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು. ಸ್ಟೆಪ್ನಿ ಇಲ್ಲ. ಸರ್ವಿಸ್‌ಗೆ ಊರು ಬಿಟ್ಟು ಹೋಗಬೇಕು. ಇವೆಲ್ಲ ತಗೊಳ್ಳುವ ಮೊದಲೇ ಗೊತ್ತಿದ್ದವು.

ಮಳೆಗಾಲದಲ್ಲಿ ಟಾಪ್ ಮುಚ್ಚಿಯೇ ಇರುತ್ತದೆ. ನೀರು ಒಳಗೆ ಬರುತ್ತಾ ಅಂತ ಕೇಳುತ್ತಾರೆ. ಬರುವುದಿಲ್ಲ. ಬಟ್ಟೆ ಅಂದರೆ ಒಂದೇ ಪದರ ಅಲ್ಲ, ಒಳಗೆ ರಬ್ಬರ್, ಅಸ್ತರಿ ಎಲ್ಲ ಇದೆ. ಆದರೆ ಆರೈಕೆ ಬೇಕು. ಒದ್ದೆ ಟಾಪನ್ನು ಮಡಚಿ ಇಡಬಾರದು, ಬೂಸು ಹಿಡಿಯುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಎಲೆ ಬಿದ್ದು ನೀರು ಇಳಿಯುವ ದಾರಿ ಕಟ್ಟಿಕೊಳ್ಳುತ್ತದೆ. ವಾಷಿಂಗ್ ಸೆಂಟರ್‌ನ ಪ್ರೆಶರ್ ಪೈಪನ್ನು ಬಟ್ಟೆಯ ಹತ್ತಿರ ತರಲು ಬಿಡಬಾರದು. ಮೆತ್ತನೆ ಬ್ರಷ್, ಬಕೆಟ್ ನೀರು ಸಾಕು. ಭಾನುವಾರ ಇದನ್ನು ನಾನೇ ಮಾಡುತ್ತೇನೆ, ಯಾರ ಕೈಗೂ ಕೊಡುವುದಿಲ್ಲ.

ವಿಜಯಪುರದ ಗೆಳೆಯನೊಬ್ಬ ಈಚೆಗೆ ಫೋನ್ ಮಾಡಿದ್ದ. ಅವನಿಗೂ ಇಂಥದೊಂದು ತಗೊಳ್ಳುವ ಮನಸ್ಸು. "ನಮ್ಮ ಕಡೆ ನಡೀತೈತೇನ್ಲೆ?" ಅಂದ. ಅವನಿಗೆ ಬೇರೆ ಉತ್ತರ ಕೊಟ್ಟೆ. ಅಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ರಾತ್ರಿಯೂ ನೆಲ ಬೇಗ ಆರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಹಬ್ಬ, ಆಮೇಲೆ ಬೆಳಗಿನ ಜಾವ ಮಾತ್ರ ಅಂತ ಲೆಕ್ಕ ಹಾಕಿಕೋ ಅಂದೆ. ಅಷ್ಟಕ್ಕೆ ತೃಪ್ತಿ ಆಗುತ್ತಾ ಅಂತ ತಿಳಿಯಬೇಕಾದರೆ ಮೊದಲು ಇಲ್ಲಿಗೆ ಬಾ, ಒಂದು ವಾರ ನನ್ನದನ್ನೇ ಓಡಿಸು ಅಂತಲೂ ಹೇಳಿದ್ದೇನೆ. ದೀಪಾವಳಿ ಮುಗಿಸಿ ಬರುತ್ತಾನಂತೆ.