ಕಪ್ಪು ಚರ್ಮದ ಮಚ್ಚೆ, ಗಂಟು: ಬಿಸಿಲು ಬೀಳದ ಜಾಗ ಮೊದಲು ನೋಡಿ

ಕಪ್ಪು ಚರ್ಮದಲ್ಲಿ ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಅಪರೂಪ. ಅಪರೂಪ ಎಂಬ ಕಾರಣಕ್ಕೇ ಅದು ತಡವಾಗಿ ಪತ್ತೆಯಾಗುತ್ತದೆ ಎನ್ನುವುದು ವೈದ್ಯರಾದ ನಮ್ಮ ದೊಡ್ಡ ಸಂಕಟ. ಅಂಗಾಲಿನ ಕಲೆಯನ್ನು ಆಣಿಯೆಂದು ಕೆತ್ತಿಸಿ, ಮುಲಾಮು ಹಚ್ಚಿ ತಿಂಗಳುಗಟ್ಟಲೆ ಕಳೆದಿರುತ್ತಾರೆ. ಆದ್ದರಿಂದ ರೋಗಿ ಯಾವ ಗಂಟು ತೋರಿಸಲು ಬಂದಿದ್ದರೂ ಕಾಲುಚೀಲ ಬಿಚ್ಚಿಸಿ. ಅಂಗಾಲು, ಅಂಗೈ, ಬೆರಳ ಸಂದಿ, ಉಗುರು, ಬಾಯೊಳಗು ಎಲ್ಲವನ್ನೂ ನೋಡಿ.

ಅಂಗಾಲಿನಲ್ಲಿ ಡರ್ಮೋಸ್ಕೋಪ್ (ಚರ್ಮವನ್ನು ಹಿಗ್ಗಿಸಿ ತೋರಿಸುವ ಮಸೂರ) ಇಟ್ಟಾಗ ಕಪ್ಪು ಎಲ್ಲಿ ಕೂತಿದೆ ಎಂಬುದೇ ಮುಖ್ಯ. ಚರ್ಮದ ಗೆರೆಗಳ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ನಿರಪಾಯ; ಏರಿನ ಮೇಲಿದ್ದರೆ ಅನುಮಾನಿಸಬೇಕು. ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಾಗಿ ಏರಿನ ಮೇಲೇ ಕಾಣುತ್ತವೆ, ಅವನ್ನೇ ಗುರುತಾಗಿ ಹಿಡಿಯಿರಿ. ಆದರೂ ಗೊಂದಲವಾದರೆ ಫೌಂಟನ್ ಪೆನ್ನಿನ ಶಾಯಿ ಸವರಿ ಒರೆಸಿ. ಶಾಯಿ ತಗ್ಗಿನಲ್ಲಿ ಉಳಿಯುತ್ತದೆ. ಇಲ್ಲೊಂದು ಎಚ್ಚರ: ಕಪ್ಪು ಮೈಬಣ್ಣದವರ ಅಂಗಾಲಿನ ಸಹಜ ಕಲೆಗಳೂ ಕೆಲವೊಮ್ಮೆ ಏರಿನ ಮೇಲೆ ಕೂರುತ್ತವೆ. ಎರಡೂ ಕಾಲಲ್ಲಿ, ಹಲವು ಕಡೆ, ವರ್ಷಗಳಿಂದ ಹಾಗೇ ಇದ್ದರೆ ಅವಸರ ಬೇಡ. ಒಂಟಿಯಾಗಿದ್ದು ಬೆಳೆಯುತ್ತಿದ್ದರೆ ಬಯಾಪ್ಸಿ (ತುಂಡು ತೆಗೆದು ಪರೀಕ್ಷೆ) ಮಾಡಿ.

ಉಗುರಿಗೂ ಇದೇ ಲೆಕ್ಕ. ಹಲವು ಉಗುರುಗಳಲ್ಲಿ ಉದ್ದುದ್ದ ಕಂದು ಪಟ್ಟಿ ಇರುವುದು ಸಹಜ. ಒಂದೇ ಉಗುರಿನಲ್ಲಿ 3 ಮಿ.ಮೀ.ಗಿಂತ ಅಗಲದ ಪಟ್ಟಿ, ಬುಡದಲ್ಲಿ ಇನ್ನೂ ಅಗಲವಾಗಿ, ಬಣ್ಣ ಸುತ್ತಲಿನ ಚರ್ಮಕ್ಕೂ ಹರಡಿದ್ದರೆ ಉಗುರು ಹುಟ್ಟುವ ಬುಡದಿಂದಲೇ ಬಯಾಪ್ಸಿ ಬೇಕು. ಉಗುರಿನ ತುದಿ ಕತ್ತರಿಸಿ ಕಳಿಸಿದರೆ ಸಾಲದು. ಆ ಕಪ್ಪು ಉಗುರಿನಡಿ ಹೆಪ್ಪುಗಟ್ಟಿದ ರಕ್ತವಾದರೆ ಉಗುರಿನ ಜೊತೆ ಮುಂದೆ ಸರಿಯುತ್ತದೆ: ಕೈಯುಗುರಿನಲ್ಲಿ ತಿಂಗಳಿಗೆ ಸುಮಾರು 3 ಮಿ.ಮೀ., ಕಾಲುಗುರಿನಲ್ಲಿ ಅದರರ್ಧ. ಅಳತೆಪಟ್ಟಿ ಇಟ್ಟು ಫೋಟೋ ತೆಗೆದಿಡಿ.

ಸುಟ್ಟ ಗಾಯದ ಹಳೆಯ ಕಲೆ, ವಾಸಿಯಾಗದ ಹುಣ್ಣು ಇವೆರಡನ್ನೂ ನಂಬಬೇಡಿ. ಸ್ಕ್ವೇಮಸ್ ಸೆಲ್ ಕ್ಯಾನ್ಸರ್ (ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳದ್ದು) ಅಲ್ಲೇ ಹುಟ್ಟಬಹುದು. ಬಿಳಿ ಚರ್ಮದ ಕೆಂಪು ಇಲ್ಲಿ ನೇರಳೆ ಅಥವಾ ಬೂದುಬಣ್ಣವಾಗಿ ಕಾಣುವುದರಿಂದ ಕಣ್ಣಿನಷ್ಟೇ ಬೆರಳನ್ನೂ ಬಳಸಿ. ಅಂಚು ಗಟ್ಟಿಯಾಗಿ ಎದ್ದಿದೆಯೇ ಮುಟ್ಟಿ ನೋಡಿ. ಬಯಾಪ್ಸಿಯನ್ನು ಅಂಚಿನಿಂದ, ಒಂದಕ್ಕಿಂತ ಹೆಚ್ಚು ಕಡೆಯಿಂದ ತೆಗೆಯಿರಿ. ನಡುವಿನಿಂದ ತೆಗೆದರೆ ಬರೀ ಸತ್ತ ಅಂಗಾಂಶ ಬಂದೀತು. ಬೇಸಲ್ ಸೆಲ್ ಕ್ಯಾನ್ಸರ್ (ಮೇಲ್ಪದರದ ತಳದ ಕೋಶಗಳದ್ದು) ಕಪ್ಪು ಮೈಬಣ್ಣದವರಲ್ಲಿ ಹೆಚ್ಚಾಗಿ ಕಪ್ಪಗೆ ಹೊಳೆಯುತ್ತದೆ, ಮಚ್ಚೆಯೆಂದು ಬಿಟ್ಟುಬಿಡುವುದು ಸುಲಭ.

ಕೆನ್ನೆಯ ಮೇಲೆ ಗುಂಪಾಗಿ ಬರುವ ಸಣ್ಣ ಕಪ್ಪು ಗುಳ್ಳೆಗಳು ನಿರಪಾಯ. ಸುಡಿಸಿದರೆ ಕಲೆ ಉಳಿಯಬಹುದೆಂದು ಮೊದಲೇ ಹೇಳಿ.

ಮೆಲನೋಮದ ಅನುಮಾನವಿದ್ದಲ್ಲಿ ಮೇಲ್ಮೈ ಹೆರೆಯಬೇಡಿ, ಆಳದ ಅಳತೆಯೇ ಸಿಗದೆ ಹೋಗುತ್ತದೆ. ಸುತ್ತಲಿನ 1ರಿಂದ 3 ಮಿ.ಮೀ. ಚರ್ಮವನ್ನೂ ಸೇರಿಸಿ, ಕೊಬ್ಬಿನ ಪದರದವರೆಗೆ ಇಡಿಯಾಗಿ ತೆಗೆಯಿರಿ. ಬಹಳ ದೊಡ್ಡದಾಗಿದ್ದರೆ ಅತಿ ದಪ್ಪಗಿನ ಭಾಗದಿಂದ ತುಂಡು ತೆಗೆಯಿರಿ. ಪೆಥಾಲಜಿಗೆ (ತುಂಡು ಪರೀಕ್ಷಿಸುವ ಪ್ರಯೋಗಾಲಯಕ್ಕೆ) ಕಳಿಸುವ ಚೀಟಿಯಲ್ಲಿ ಜಾಗ, ಎಷ್ಟು ಕಾಲದಿಂದ ಇದೆ, ಮೈಬಣ್ಣ, ನಿಮ್ಮ ಅನುಮಾನ ಇಷ್ಟನ್ನೂ ಬರೆಯಿರಿ.